ಸೀಸದ ಧೂಳಿನ ಬೆನ್ನುಹತ್ತಿದ ವೈದ್ಯೆ ಆಲಿಸ್ ಹ್ಯಾಮಿಲ್ಟನ್

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ವಿಷದ ಧೂಳನ್ನು ಉಸಿರಾಡುತ್ತಿದ್ದವರಲ್ಲಿ ಹೆಚ್ಚಿನವರು ಇಂಗ್ಲಿಷ್ ಬಾರದ ವಲಸಿಗರು. ಇಟಲಿ, ಪೋಲೆಂಡ್, ಬಲ್ಗೇರಿಯ, ಗ್ರೀಸ್‌ಗಳಿಂದ ಹೊಟ್ಟೆಪಾಡಿಗಾಗಿ ಬಂದ ಈ ಕೂಲಿಕಾರರ ಕಾಯಿಲೆಗೆ ಲೆಕ್ಕವಿರಲಿಲ್ಲ, ಪರಿಹಾರವಂತೂ ದೂರದ ಮಾತಾಗಿತ್ತು. ಆ ಲೆಕ್ಕವನ್ನು ಊರೂರು ಅಲೆದು ಬರೆದಿಟ್ಟವರು ಡಾ. ಆಲಿಸ್ ಹ್ಯಾಮಿಲ್ಟನ್. ಅಮೆರಿಕದಲ್ಲಿ ಔದ್ಯೋಗಿಕ ವೈದ್ಯಶಾಸ್ತ್ರಕ್ಕೆ ಬುನಾದಿ ಹಾಕಿದ ಈ ಮಹಿಳೆಯ ಕೈಯಲ್ಲಿ ಯಾರನ್ನೂ ದಂಡಿಸುವ ಅಧಿಕಾರವಿರಲಿಲ್ಲ. ಕಾರ್ಮಿಕ, ವೈದ್ಯ, ಸರ್ಕಾರ ಮತ್ತು ಮಾಲೀಕ ಈ ನಾಲ್ವರನ್ನೂ ಒಂದೇ ಸತ್ಯದ ಮುಂದೆ ತಂದು ನಿಲ್ಲಿಸುವ ಛಲವೊಂದೇ ಅವರ ಬಂಡವಾಳ.

ಹಲ್ ಹೌಸ್‌ನ ಪಾಠ

ಆಲಿಸ್ ಜನಿಸಿದ್ದು 1869ರ ಫೆಬ್ರವರಿ 27ರಂದು, ನ್ಯೂಯಾರ್ಕ್‌ನಲ್ಲಿ. ಬೆಳೆದದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ. ಬಾಲ್ಯದ ಕಲಿಕೆಯೆಲ್ಲ ಮನೆಯಲ್ಲೇ ನಡೆಯಿತು. ಗ್ರೀಕ್ ಮತ್ತು ರೋಮನ್ ಪುರಾಣಗಳ ಕುರಿತು ಬರೆದು ಮುಂದೆ ಹೆಸರಾದ ಈಡಿತ್ ಹ್ಯಾಮಿಲ್ಟನ್ ಇವರ ಅಕ್ಕ. ತಂದೆಯ ವ್ಯಾಪಾರ ಮುಳುಗಿದಾಗ ಹೆಣ್ಣುಮಕ್ಕಳು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳಬೇಕಾಯಿತು. ಆಲಿಸ್ ವೈದ್ಯಕೀಯವನ್ನು ಆರಿಸಿಕೊಂಡು 1893ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಬಳಿಕ ಜರ್ಮನಿಯ ಲೈಪ್‌ಜಿಗ್ ಮತ್ತು ಮ್ಯೂನಿಕ್‌ಗಳಲ್ಲಿ ಹೆಚ್ಚಿನ ಅಧ್ಯಯನ ನಡೆಸಿದರು.

1897ರಲ್ಲಿ ಮಹಿಳಾ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕಿಯಾಗಿ ಶಿಕಾಗೊಗೆ ಬಂದ ಅವರು ವಾಸಕ್ಕೆ ಆರಿಸಿಕೊಂಡದ್ದು ಹಲ್ ಹೌಸ್ ಅನ್ನು. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಬಡ ವಲಸಿಗರ ಬಡಾವಣೆಯ ನಡುವೆ ತೆರೆದಿದ್ದ ಸೇವಾಕೇಂದ್ರವದು. ಆಲಿಸ್ ಅಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ನೆಲೆಸಿದರು, ಶಿಶುಗಳಿಗಾಗಿ ಆರೋಗ್ಯ ಕೇಂದ್ರ ನಡೆಸಿದರು. ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರಿಂದಲೂ ನೆರೆಹೊರೆಯವರಿಂದಲೂ ಅವರಿಗೆ ಪಠ್ಯಪುಸ್ತಕಗಳಲ್ಲಿ ಇಲ್ಲದ ಸಂಗತಿಗಳು ತಿಳಿದವು. ಬಣ್ಣ ಬಳಿಯುವವನ ಕೈ ಮಣಿಕಟ್ಟಿನಲ್ಲಿ ಜೋತುಬಿದ್ದಿತ್ತು. ಉಕ್ಕಿನ ಕುಲುಮೆಯಲ್ಲಿ ದುಡಿಯುವವನು ವಿಷಾನಿಲಕ್ಕೆ ಪ್ರಜ್ಞೆ ತಪ್ಪಿ ಬಿದ್ದಿದ್ದ. ಬ್ರಿಟನ್, ಜರ್ಮನಿಗಳಲ್ಲಿ ಇಂಥ ಕಾಯಿಲೆಗಳ ಬಗ್ಗೆ ಸಂಶೋಧನೆಯೂ ಕಾನೂನೂ ಇದ್ದವು. ಅಮೆರಿಕದ ವೈದ್ಯಲೋಕ ಮಾತ್ರ ಅವುಗಳತ್ತ ಕಣ್ಣೆತ್ತಿ ನೋಡಿರಲಿಲ್ಲ.

ಮನೆಬಾಗಿಲಲ್ಲಿ ಸಿಕ್ಕ ಸಾಕ್ಷ್ಯ

1908ರಲ್ಲಿ ಇಲಿನಾಯ್ ರಾಜ್ಯದ ಗವರ್ನರ್ ಚಾರ್ಲ್ಸ್ ಡೆನೀನ್ ಔದ್ಯೋಗಿಕ ಕಾಯಿಲೆಗಳ ಆಯೋಗವನ್ನು ರಚಿಸಿದರು. 1910ರಲ್ಲಿ ಅದರ ಸಮೀಕ್ಷೆಯ ಹೊಣೆ ಆಲಿಸ್ ಅವರ ಪಾಲಿಗೆ ಬಂತು. ಬಣ್ಣ, ಬ್ಯಾಟರಿ, ಲೋಹ ಕರಗಿಸುವ ಉದ್ಯಮಗಳಲ್ಲಿ ಬಳಕೆಯಾಗುತ್ತಿದ್ದ ಸೀಸವನ್ನು ಅವರು ತಮ್ಮ ಅಧ್ಯಯನಕ್ಕೆ ಆರಿಸಿಕೊಂಡರು.

ಕಾರ್ಖಾನೆಯ ದಾಖಲೆಗಳನ್ನು ನಂಬಿ ಕೂರುವಂತಿರಲಿಲ್ಲ. ಆಲಿಸ್ ಆಸ್ಪತ್ರೆಗಳ ಕಡತಗಳನ್ನು ಶೋಧಿಸಿದರು. ಔಷಧದಂಗಡಿಯವರನ್ನು, ಪಾದ್ರಿಗಳನ್ನು, ಕಾರ್ಮಿಕ ಮುಖಂಡರನ್ನು ಕಂಡು ವಿಚಾರಿಸಿದರು. ರೋಗಿಯ ವಿಳಾಸ ಹಿಡಿದು ಮನೆಬಾಗಿಲಿಗೆ ಹೋದರು. ಒಮ್ಮೆ ಸ್ನಾನದ ತೊಟ್ಟಿಗಳಿಗೆ ಎನಾಮಲ್ ಲೇಪಿಸುವ ಪೋಲಿಷ್ ಕಾರ್ಮಿಕನೊಬ್ಬ ಸೀಸದ ವಿಷಕ್ಕೆ ತುತ್ತಾದ ದಾಖಲೆ ಸಿಕ್ಕಿತು. ಅವನು ದುಡಿಯುತ್ತಿದ್ದ ಕಾರ್ಖಾನೆಗೆ ಹೋಗಿ ನೋಡಿದರೆ ಅಪಾಯದ ಕೆಲಸವೇನೂ ಕಾಣಲಿಲ್ಲ. ಕಾರ್ಮಿಕನ ಮನೆಯನ್ನು ಹುಡುಕಿಕೊಂಡು ಹೋದಾಗಲೇ ಗುಟ್ಟು ತಿಳಿದದ್ದು. ಲೇಪನದ ಕೆಲಸ ನಡೆಯುತ್ತಿದ್ದುದು ಬೇರೊಂದು ಕಡೆಯಲ್ಲಿ. ಕೆಂಪಗೆ ಕಾದ ತೊಟ್ಟಿಯ ಮೇಲೆ ಸೀಸಭರಿತ ಪುಡಿಯನ್ನು ಉದುರಿಸುವಾಗ ಏಳುವ ಧೂಳು ನೇರವಾಗಿ ಕಾರ್ಮಿಕನ ಉಸಿರಿಗೆ ಸೇರುತ್ತಿತ್ತು.

ಕಾರ್ಮಿಕರು ಕೈ ತೊಳೆಯದೆ ಉಣ್ಣುವುದರಿಂದಲೇ ಕಾಯಿಲೆ ಬರುತ್ತದೆಂಬುದು ಅಂದಿನ ಮಾಲೀಕರ ವಾದವಾಗಿತ್ತು. ಅಂದರೆ ತಪ್ಪೆಲ್ಲ ಕೂಲಿಯವನದೇ. ವಿಷ ಇರುವುದು ಕೊಳಕು ಕೈಯಲ್ಲಿ ಮಾತ್ರವಲ್ಲ, ಗಾಳಿಯಲ್ಲಿ ಹಾರುವ ಧೂಳು ಮತ್ತು ಹೊಗೆಯಲ್ಲಿ ಎಂದು ಆಲಿಸ್ ತೋರಿಸಿಕೊಟ್ಟರು. ಧೂಳನ್ನು ತಡೆಯಬಲ್ಲವನು ಮಾಲೀಕನೇ ಹೊರತು ಕೂಲಿಯವನಲ್ಲ. ಹೀಗಾಗಿ ಈ ವೈದ್ಯಕೀಯ ಸತ್ಯ ಹೊಣೆಗಾರಿಕೆಯನ್ನೂ ಕೈಬದಲಾಯಿಸಿತು. ಸೀಸದ ಸಂಪರ್ಕಕ್ಕೆ ಎಡೆಮಾಡುವ 70ಕ್ಕೂ ಹೆಚ್ಚು ಕೆಲಸಗಳನ್ನೂ 578 ವಿಷಬಾಧೆಯ ಪ್ರಕರಣಗಳನ್ನೂ ಸಮೀಕ್ಷೆ ದಾಖಲಿಸಿತು. 1911ರಲ್ಲಿ ಇಲಿನಾಯ್ ಶಾಸನಸಭೆ ಅಪಾಯಕಾರಿ ಉದ್ಯಮಗಳಲ್ಲಿ ಸುರಕ್ಷಾ ಕ್ರಮಗಳನ್ನೂ ಕಾರ್ಮಿಕರ ಮಾಸಿಕ ವೈದ್ಯಕೀಯ ತಪಾಸಣೆಯನ್ನೂ ಕಡ್ಡಾಯಗೊಳಿಸಿತು.

ಮಾಲೀಕರ ಮನವೊಲಿಕೆ

ಅದೇ ವರ್ಷ ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೊ ಅವರನ್ನು ದೇಶವ್ಯಾಪಿ ತನಿಖೆಗೆ ನಿಯೋಜಿಸಿತು. ಆದರೆ ಆ ನೇಮಕ ವಿಚಿತ್ರವಾಗಿತ್ತು. ಅದರಲ್ಲಿ ಮಾಸಿಕ ಸಂಬಳವಿರಲಿಲ್ಲ, ವರದಿ ಸಿದ್ಧವಾದ ಮೇಲೆ ಬ್ಯೂರೊ ಅದನ್ನು ಹಣ ಕೊಟ್ಟು ಪಡೆಯುತ್ತಿತ್ತು. ಕಾರ್ಖಾನೆಯೊಳಗೆ ಕಾಲಿಡುವ ಹಕ್ಕೂ ಇರಲಿಲ್ಲ. ಮಾಲೀಕರ ಒಪ್ಪಿಗೆಯಿಂದಲೇ ಒಳಹೋಗಬೇಕು, ಕಂಡ ದೋಷವನ್ನು ಅವರಿಗೇ ತಿಳಿಸಿ ಸುಧಾರಣೆಗೆ ಒಪ್ಪಿಸಬೇಕು.

ನ್ಯಾಷನಲ್ ಲೆಡ್ ಕಂಪನಿಯ ಎಡ್ವರ್ಡ್ ಕಾರ್ನಿಷ್ ತಮ್ಮ ಕೆಲಸಗಾರರಿಗೆ ವಿಷಬಾಧೆಯಿದೆ ಎಂಬುದನ್ನು ಮೊದಲು ನಂಬಲಿಲ್ಲ, ಆಧಾರ ಕೇಳಿದರು. ಆಲಿಸ್ 22 ಪ್ರಕರಣಗಳ ದಾಖಲೆಯನ್ನು ಮುಂದಿಟ್ಟರು. ಕಾರ್ನಿಷ್ ಕೊಟ್ಟ ಮಾತಿಗೆ ತಪ್ಪದೆ ಧೂಳು ತಡೆಗೆ ವ್ಯವಸ್ಥೆ ಮಾಡಿಸಿದರು, ವೈದ್ಯರನ್ನು ನೇಮಿಸಿದರು. ರೈಲು ಬೋಗಿ ತಯಾರಿಸುತ್ತಿದ್ದ ಪುಲ್‌ಮನ್ ಕಂಪನಿಯಲ್ಲಿ ಬಣ್ಣವನ್ನು ಉಜ್ಜುವವರು ಸೀಸದ ಧೂಳಿನಿಂದ ನರಳುತ್ತಿದ್ದರು. ಹಲ್ ಹೌಸ್‌ನ ಪೋಷಕಿಯೂ ಕಂಪನಿಯ ಷೇರುದಾರರೂ ಆಗಿದ್ದ ಲೂಯಿಸ್ ಬೋವೆನ್ ಈ ವಿಷಯವನ್ನು ಆಡಳಿತದ ಗಮನಕ್ಕೆ ತಂದ ಮೇಲೆ ಅಲ್ಲೂ ಸುಧಾರಣೆಯಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡು ಕಾರ್ಖಾನೆಗಳ ನೆಲೆ ಗುಟ್ಟಾಗಿದ್ದಾಗ ಆಲಿಸ್ ಬಾನಿಗೇರುವ ಬಣ್ಣದ ವಿಷಹೊಗೆಯ ಜಾಡು ಹಿಡಿದೇ ಅವನ್ನು ಪತ್ತೆಹಚ್ಚಿದರು.

ಹಾರ್ವರ್ಡ್ ಮತ್ತು ಒಂದು ಸೋಲು

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರನ್ನು ಸಹಾಯಕ ಪ್ರಾಧ್ಯಾಪಕಿಯಾಗಿ ನೇಮಿಸಿತು. ಅಲ್ಲಿನ ಬೋಧಕವರ್ಗವನ್ನು ಸೇರಿದ ಮೊದಲ ಮಹಿಳೆ ಅವರು. ಆದರೆ ಪದವಿಪ್ರದಾನದ ಮೆರವಣಿಗೆಯಲ್ಲಿ ನಡೆಯುವಂತಿಲ್ಲ, ಬೋಧಕರ ಕ್ಲಬ್ಬಿಗೆ ಹೋಗುವಂತಿಲ್ಲ, ಫುಟ್‌ಬಾಲ್ ಟಿಕೆಟ್ ಕೇಳುವಂತಿಲ್ಲ ಎಂಬ ಷರತ್ತುಗಳಿದ್ದವು. 1935ರಲ್ಲಿ ನಿವೃತ್ತರಾಗುವವರೆಗೂ ಬಡ್ತಿ ದೊರೆಯಲಿಲ್ಲ.

ಮನವೊಲಿಕೆಗೂ ಮಿತಿಯಿದೆ ಎಂಬುದು 1925ರಲ್ಲಿ ಸ್ಪಷ್ಟವಾಯಿತು. ಪೆಟ್ರೋಲಿಗೆ ಬೆರೆಸುವ ಸೀಸದ ಸಂಯುಕ್ತ ತಯಾರಾಗುತ್ತಿದ್ದ ನ್ಯೂಜೆರ್ಸಿಯ ಘಟಕದಲ್ಲಿ ಹಿಂದಿನ ವರ್ಷ ಐವರು ಕಾರ್ಮಿಕರು ಸತ್ತಿದ್ದರು. ವಾಷಿಂಗ್ಟನ್‌ನಲ್ಲಿ ನಡೆದ ಸರ್ಕಾರಿ ಸಮಾವೇಶದಲ್ಲಿ ಆಲಿಸ್ ಅದರ ಬಳಕೆಯನ್ನು ಬಲವಾಗಿ ವಿರೋಧಿಸಿದರು. ಆದರೂ ಉದ್ಯಮದ ಕೈಯೇ ಮೇಲಾಯಿತು, 1926ರಲ್ಲಿ ಮಾರಾಟ ಮತ್ತೆ ಶುರುವಾಯಿತು. ಸೀಸಯುಕ್ತ ಪೆಟ್ರೋಲ್ ಭಾರತದಿಂದ ಮರೆಯಾದದ್ದು 2000ರಲ್ಲಿ. ಜಗತ್ತಿನ ವಾಹನಗಳಿಂದ ಅದು ಪೂರ್ತಿ ತೊಲಗಿದ್ದು 2021ರಲ್ಲಿ. ಒಬ್ಬ ಕಾರ್ನಿಷ್ ಒಪ್ಪಿದರೆ ಒಂದು ಕಂಪನಿಯ ಕೆಲಸಗಾರರು ಉಳಿಯಬಹುದು. ಇಡೀ ಉದ್ಯಮವೇ ಒಪ್ಪದಿದ್ದಾಗ ಕಾನೂನಿನ ಬಲ ಬೇಕೇ ಬೇಕು.

ನಿವೃತ್ತಿಯ ನಂತರವೂ ಅವರು ಸುಮ್ಮನೆ ಕೂರಲಿಲ್ಲ. ಕೃತಕ ರೇಷ್ಮೆ ಕಾರ್ಖಾನೆಗಳಲ್ಲಿ ಕಾರ್ಮಿಕರ ನರಮಂಡಲವನ್ನು ಕೆಡಿಸುತ್ತಿದ್ದ ರಾಸಾಯನಿಕದ ಅಧ್ಯಯನಕ್ಕೆ ನೆರವಾದರು. 1943ರಲ್ಲಿ ಆತ್ಮಕಥೆ ಪ್ರಕಟಿಸಿದರು. 1970ರ ಸೆಪ್ಟೆಂಬರ್ 22ರಂದು ಕನೆಕ್ಟಿಕಟ್‌ನ ಹ್ಯಾಡ್‌ಲೈಮ್‌ನಲ್ಲಿ ತಮ್ಮ 101ನೆಯ ವಯಸ್ಸಿನಲ್ಲಿ ನಿಧನರಾದರು.

ಅದಾಗಿ ಮೂರು ತಿಂಗಳಿಗೆ, ಡಿಸೆಂಬರ್ 29ರಂದು, ಅಮೆರಿಕದ ಔದ್ಯೋಗಿಕ ಸುರಕ್ಷೆ ಮತ್ತು ಆರೋಗ್ಯ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿತ್ತು. ಕೆಲಸದ ಸ್ಥಳವನ್ನು ಪ್ರವೇಶಿಸಿ ಪರಿಶೀಲಿಸುವ ಅಧಿಕಾರವನ್ನು ಆ ಕಾಯಿದೆ ಸರ್ಕಾರಿ ತನಿಖಾಧಿಕಾರಿಗಳಿಗೆ ನೀಡಿತು. ಕಾರ್ಖಾನೆಯ ಬಾಗಿಲಲ್ಲಿ ನಿಂತು ಅನುಮತಿ ಬೇಡುತ್ತಿದ್ದ ಆಲಿಸ್ ಹ್ಯಾಮಿಲ್ಟನ್ ಅವರಿಗೆ ಬದುಕಿಡೀ ದಕ್ಕದಿದ್ದ ಹಕ್ಕು ಅದು.