ಪೆದ್ದಪಾಡಿನ ಸಂಜೀವಯ್ಯನವರೂ ಬೋನಸ್ ಬಿಲ್ಲೂ

ಆದವಾನಿ ಮಾರ್ಕೆಟ್ ಯಾರ್ಡಿನಲ್ಲಿ ಬಿಲ್ಲು ಅಂದರೆ ಹತ್ತಿ ತೂಗಿಸಿದ ಮೇಲೆ ಕೈಗೆ ಬರುವ ಚೀಟಿ. ದಿಲ್ಲಿಯಲ್ಲಿ ಬಿಲ್ಲು ಅಂದರೆ ಬೇರೆ, ಇನ್ನೂ ಕಾಯ್ದೆಯಾಗದ ಕರಡು. ಅದು ಕಾಯ್ದೆಯಾಗುವ ದಾರಿ ಎಷ್ಟು ಉದ್ದ ಅಂತ ತಿಳಿಯಲು ನಮ್ಮ ಕರ್ನೂಲು ಜಿಲ್ಲೆಯವರೇ ಆದ ದಾಮೋದರಂ ಸಂಜೀವಯ್ಯನವರ ಬದುಕು ನೋಡಿದರೆ ಸಾಕು.

ಅವರು ಹುಟ್ಟಿದ್ದು 1921ರ ಫೆಬ್ರವರಿ 14ರಂದು, ಕರ್ನೂಲು ಹತ್ತಿರದ ಪೆದ್ದಪಾಡಿನ ಬಡ ದಲಿತ ಮನೆಯಲ್ಲಿ. ಎಳೆಗೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಅನಂತಪುರದಲ್ಲಿ ಬಿ.ಎ., 1948ರಲ್ಲಿ ಮದರಾಸಿನಲ್ಲಿ ವಕೀಲಿ ಓದು ಮುಗಿಯಿತು. 1950ರಲ್ಲಿ ತಾತ್ಕಾಲಿಕ ಸಂಸತ್ತಿನ ಸದಸ್ಯರಾದರು. 1955ರಲ್ಲಿ ನಮ್ಮ ಎಮ್ಮಿಗನೂರಿನಿಂದ ಆಂಧ್ರ ವಿಧಾನಸಭೆಗೆ ಗೆದ್ದರು. 1960ರ ಜನವರಿ 11ರಂದು, ವಯಸ್ಸು 39 ತುಂಬುವ ಮೊದಲೇ, ಆಂಧ್ರಪ್ರದೇಶದ ಮುಖ್ಯಮಂತ್ರಿ. ದಲಿತರೊಬ್ಬರು ಮುಖ್ಯಮಂತ್ರಿಯಾದದ್ದು ದೇಶದಲ್ಲೇ ಅದು ಮೊದಲು. 1961ರಲ್ಲಿ ಲಂಚಕೋರರನ್ನು ಹಿಡಿಯುವ ಎ.ಸಿ.ಬಿ. ರಾಜ್ಯದಲ್ಲಿ ಶುರುವಾದದ್ದು ಅವರ ಕಾಲದಲ್ಲೇ. 1962ರಲ್ಲಿ ಆ ಕುರ್ಚಿ ಬಿಟ್ಟು ಕಾಂಗ್ರೆಸ್ಸಿನ ಅಧ್ಯಕ್ಷರಾದರು.

1964ರ ಜೂನ್‌ನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಇವರನ್ನು ಕಾರ್ಮಿಕ ಮಂತ್ರಿ ಮಾಡಿಕೊಂಡರು. ಆಗ ಬೋನಸ್ ಅಂದರೆ ಗಿರಣಿ ಗಿರಣಿಗೂ ಜಗಳ. ಹಬ್ಬ ಬಂತೆಂದರೆ ಕೂಲಿಗಾರರು ಕೇಳೋದು, ಮಾಲೀಕರು ಲಾಭ ಇಲ್ಲ ಅನ್ನೋದು, ಕೊನೆಗೆ ನ್ಯಾಯಮಂಡಳಿ. ಇದಕ್ಕೆ ಒಂದು ಲೆಕ್ಕ ಹಾಕಿಕೊಡಲು 1961ರಲ್ಲಿ ನೇಮಿಸಿದ್ದ ಮೆಹರ್ ಆಯೋಗ 1964ರಲ್ಲಿ ವರದಿ ಕೊಟ್ಟಿತ್ತು. ವರದಿ ಕಾನೂನಲ್ಲ, ಬೀಜ ಇದ್ದಂಗೆ, ಬಿತ್ತಬೇಕು. ಸಂಸತ್ತು ಸೇರದ ಹೊತ್ತು, 1965ರ ಮೇ 29ರಂದು ರಾಷ್ಟ್ರಪತಿಗಳು ಸುಗ್ರೀವಾಜ್ಞೆ ಹೊರಡಿಸಿದರು. ಸುಗ್ರೀವಾಜ್ಞೆಗೆ ಆಯುಷ್ಯ ಕಡಿಮೆ. ಸಂಸತ್ತು ಮತ್ತೆ ಸೇರಿ ಆರು ವಾರದೊಳಗೆ ಒಪ್ಪದಿದ್ದರೆ ಬಿದ್ದುಹೋಗುತ್ತದೆ. ಅದಕ್ಕೇ ಬಿಲ್ಲು ಬೇಕಾಯಿತು.

ಬಿಲ್ಲಿನ ನಡೆ ಮೂರು ಹೆಜ್ಜೆ. ಮೊದಲು ಮಂಡನೆ. ಆಮೇಲೆ ಚರ್ಚೆ, ಒಂದೊಂದು ಕಲಂ ತೆಗೆದು ತಿದ್ದುಪಡಿ, ಮತ. ಕೊನೆಗೆ ಇಡೀ ಬಿಲ್ಲಿಗೆ ಮತ. ಒಂದು ಸದನ ಮುಗಿದರೆ ಇನ್ನೊಂದರಲ್ಲಿ ಇದೇ ಪಾಟು. ಸಂಜೀವಯ್ಯನವರು ರಾಜ್ಯಸಭೆಯ ಸದಸ್ಯರು. ಮಂತ್ರಿಯಾದವರು ಲೋಕಸಭೆಯಲ್ಲೂ ನಿಂತು ಮಾತಾಡಬಹುದು, ಅಲ್ಲಿ ಮತ ಹಾಕುವ ಹಕ್ಕು ಮಾತ್ರ ಅವರಿಗಿಲ್ಲ. ಎರಡೂ ಸದನ ಒಪ್ಪಿದ ಬಿಲ್ಲಿಗೆ ರಾಷ್ಟ್ರಪತಿ ರಾಧಾಕೃಷ್ಣನ್‌ರ ಅಂಕಿತ ಬಿದ್ದದ್ದು 1965ರ ಸೆಪ್ಟೆಂಬರ್ 25ರಂದು, ಪಾಕಿಸ್ತಾನದ ಯುದ್ಧ ನಿಂತ ಎರಡೇ ದಿನಕ್ಕೆ.

ಕಾರ್ಖಾನೆಗಳಿಗೂ 20 ಜನರಿಗಿಂತ ಕಡಿಮೆ ಇಲ್ಲದ ಬೇರೆ ಸಂಸ್ಥೆಗಳಿಗೂ ಅದು ಹತ್ತಿತು. ಲಾಭ ಬರಲಿ ಬಿಡಲಿ, ಕನಿಷ್ಠ ಶೇ. 4 ಅಥವಾ 40 ರೂಪಾಯಿ, ಯಾವುದು ಹೆಚ್ಚೋ ಅದು, ಗರಿಷ್ಠ ಶೇ. 20. ವರ್ಷಕ್ಕೆ 30 ದಿನ ದುಡಿದವರಿಗೂ ಹಕ್ಕು. ಸುಗ್ಗಿಗೆ ಬಂದು ಹೋಗುವ ಜಿನ್ನಿಂಗ್ ಗಿರಣಿ ಕೂಲಿಗಾರರಿಗೆ ಈ ಮಾತು ಎಷ್ಟು ದೊಡ್ಡದು ನೋಡಿ. 1966ರಲ್ಲಿ ಮಾಲೀಕರ ಕಡೆಯಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಕೆಲವು ಕಲಂ ಬಿದ್ದವು, ಕನಿಷ್ಠ ಬೋನಸ್ ಉಳಿಯಿತು. ಮುಂದೆ ಅದು ಶೇ. 8.33ಕ್ಕೆ, ಅಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳಕ್ಕೆ ಏರಿತು. 2019ರ ವೇತನ ಸಂಹಿತೆಯೊಳಗೂ ಅದೇ ಲೆಕ್ಕ ಸೇರಿತು.

ಆದರೆ ಹತ್ತಿ ಹಿಂಜುವವರಿಗೆ ಬಂದ ಬೋನಸ್ ಹತ್ತಿ ಬಿಡಿಸುವವರ ಹೊಲದ ತನಕ ಬರಲಿಲ್ಲ. ನಮ್ಮ ಹೊಲದಲ್ಲಿ ಬಗ್ಗಿ ದುಡಿಯುವ ಹೆಣ್ಣುಮಕ್ಕಳಿಗೆ ಹಬ್ಬದ ಮುಂಗಡವೇ ಗತಿ, ಅದನ್ನೂ ಕೂಲಿಯಲ್ಲಿ ಮುರಿದುಕೊಳ್ಳುತ್ತೇವೆ. ಕೊಡುವ ನಮಗೂ ಬೆಳೆಗೆ ದರ ಇಲ್ಲ ಅನ್ನೋದು ನಿಜ. ಅವರ ಸಂಕಟ ಅದರಿಂದ ತೀರುವುದಿಲ್ಲ ಅನ್ನೋದೂ ಅಷ್ಟೇ ನಿಜ.

ಸಂಜೀವಯ್ಯನವರು 1972ರ ಮೇ ತಿಂಗಳಲ್ಲಿ, 51ನೇ ವಯಸ್ಸಿಗೇ ತೀರಿಕೊಂಡರು. ಗೋನೆಗಂಡ್ಲ ಕಡೆಯ ಗಾಜುಲದಿನ್ನೆ ಅಣೆಕಟ್ಟಿಗೂ ವಿಶಾಖಪಟ್ಟಣದ ಕಾನೂನು ವಿಶ್ವವಿದ್ಯಾಲಯಕ್ಕೂ ಅವರ ಹೆಸರಿದೆ. ನೀರು, ಕಾನೂನು ಎರಡರದ್ದೂ ಒಂದೇ ಗುಣ. ಮೇಲೆ ಬಿಟ್ಟರೆ ಸಾಲದು, ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟಬೇಕು.