ಟಿಪ್ಪು ಸುಲ್ತಾನ್

ಟಿಪ್ಪು ಸುಲ್ತಾನ್ 1782ರಿಂದ 1799ರವರೆಗೆ ಶ್ರೀರಂಗಪಟ್ಟಣದಿಂದ ಮೈಸೂರು ರಾಜ್ಯವನ್ನು ಆಳಿದ ದೊರೆ. ದೇವನಹಳ್ಳಿಯಲ್ಲಿ ಜನಿಸಿದ ಈತನ ತಂದೆ ಹೈದರಾಲಿ, ತಾಯಿ ಫಾತಿಮಾ ಫಕ್ರುನ್ನೀಸಾ.

ಕಲಾಸಕ್ತಿ

ಹುಲಿ ಈತನ ಲಾಂಛನವಾಗಿದ್ದು, ಸಿಂಹಾಸನ ಹಾಗೂ ಆಯುಧಗಳ ಮೇಲೆ ಅದರ ರೂಪವನ್ನು ಕಾಣಬಹುದಾಗಿತ್ತು. ಈತನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಗಳಲ್ಲಿ 1780ರ ಪೊಳ್ಳಿಲೂರು ಯುದ್ಧದ ವರ್ಣಚಿತ್ರಗಳಿವೆ. ಐರೋಪ್ಯ ಸೈನಿಕನೊಬ್ಬನ ಮೇಲೆರಗಿದ ಮರದ ಹುಲಿಯೊಂದನ್ನೂ ಈತನಿಗಾಗಿ ರಚಿಸಲಾಯಿತು. ಅದರೊಳಗೆ ಆರ್ಗನ್ ವಾದ್ಯವಿದ್ದು, ಹಿಡಿಯನ್ನು ತಿರುಗಿಸಿದರೆ ಹುಲಿಯ ಗರ್ಜನೆಯೂ ಸೈನಿಕನ ನರಳಾಟವೂ ಕೇಳಿಸುತ್ತಿದ್ದವು.

ಮರಣ ಮತ್ತು ಸಂಪತ್ತಿನ ಲೂಟಿ

ನಾಲ್ಕನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ, 1799ರ ಮೇ 4ರಂದು, ಟಿಪ್ಪು ಕೋಟೆಯನ್ನು ರಕ್ಷಿಸುತ್ತ ಮಡಿದನು. ಸೈನಿಕರು ಪಟ್ಟಣವನ್ನು ಲೂಟಿ ಮಾಡಿದರು. ಅರಮನೆಯ ಭಂಡಾರವನ್ನು ಗೆದ್ದ ಸೇನೆಯವರು ದರ್ಜೆಗನುಸಾರವಾಗಿ ಹಂಚಿಕೊಂಡರು. ಚಿನ್ನದ ತಗಡು ಹೊದಿಸಿದ್ದ ಸಿಂಹಾಸನವನ್ನು ಒಡೆದು ತುಂಡು ಮಾಡಲಾಯಿತು. ಅದರ ಹುಲಿಯ ತಲೆ ಮತ್ತು ಹುಮಾ ಪಕ್ಷಿ ಇಂದು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಗ್ರಂಥಾಲಯದ ಹಸ್ತಪ್ರತಿಗಳು ಕಲ್ಕತ್ತ ಹಾಗೂ ಲಂಡನ್‌ಗಳಿಗೆ ಹಂಚಿಹೋದವು. ಮಕ್ಕಳನ್ನು ವೆಲ್ಲೂರಿಗೂ, 1806ರ ಸಿಪಾಯಿ ದಂಗೆಯ ಅನಂತರ ಕಲ್ಕತ್ತಕ್ಕೂ ಸಾಗಿಸಲಾಯಿತು.

ಮರದ ಹುಲಿಯು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಟಿಪ್ಪುವಿನ ಶಯನಗೃಹದಲ್ಲಿದ್ದ ಖಡ್ಗವು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಸಾಗಿಸಲಾಗದ ಗೋಡೆಯ ಚಿತ್ರಗಳು, ಮುಂದೆ ಮರುಬಣ್ಣ ಪಡೆದು, ಶ್ರೀರಂಗಪಟ್ಟಣದಲ್ಲಿಯೇ ಉಳಿದಿವೆ. ಅಲ್ಲಿನ ಗುಂಬಜಿನಲ್ಲಿ ತಂದೆತಾಯಿಯರ ಪಕ್ಕದಲ್ಲಿ ಟಿಪ್ಪುವಿನ ಸಮಾಧಿಯಿದೆ.