ಗುಲಾಮಳಾಗಿ ಬಂದ ರಾಣಿ: ಸಂತ ಬತಿಲ್ಡಾ

ಕಷ್ಟದ ದಿನಗಳು ಕಳೆದು ಕೈಗೆ ನಾಲ್ಕು ಕಾಸು ಸೇರಿತೆಂದರೆ ಹಿಂದಿನದನ್ನು ಮರೆಯುವುದು ಮನುಷ್ಯ ಸ್ವಭಾವ. ಹಾಗೆ ಮರೆಯದ ಒಬ್ಬ ರಾಣಿಯನ್ನು ಧರ್ಮಸಭೆಯು ಜನವರಿ 30ರಂದು ಸ್ಮರಿಸುತ್ತದೆ.

ಏಳನೆಯ ಶತಮಾನದಲ್ಲಿ ಫ್ರಾಂಕರ ರಾಜ್ಯದ ಪಶ್ಚಿಮ ಭಾಗವನ್ನು ನ್ಯೂಸ್ಟ್ರಿಯಾ ಎನ್ನುತ್ತಿದ್ದರು. ಇಂದಿನ ಪ್ಯಾರಿಸ್ ನಗರವೂ ಅದಕ್ಕೆ ಸೇರಿತ್ತು. ಸ್ಯಾಕ್ಸನ್ ಕುಲದ ಬತಿಲ್ಡಾ ಸಮುದ್ರದಾಚೆಯ ಇಂಗ್ಲೆಂಡಿನಿಂದ ಅಲ್ಪ ಬೆಲೆಗೆ ಮಾರಾಟವಾಗಿ ಇಲ್ಲಿಗೆ ಬಂದಳು. ಅರಮನೆಯ ಮುಖ್ಯಾಧಿಕಾರಿ ಎರ್ಕಿನೋಆಲ್ಡನ ಮನೆಯಲ್ಲಿ ಅವಳಿಗೆ ಊಳಿಗ. ತನ್ನ ಪಾಲಿನ ಕೆಲಸವಷ್ಟೇ ಅಲ್ಲ, ಹಿರಿಯರ ಪಾದರಕ್ಷೆ ಕಳಚಿ ಕಾಲು ತೊಳೆಯುವುದನ್ನೂ ಅವಳು ಸಂತೋಷದಿಂದ ಮಾಡುತ್ತಿದ್ದಳು.

ಮುಂದೆ ರಾಜ ಎರಡನೆಯ ಕ್ಲೋವಿಸ್ ಅವಳನ್ನು ಮದುವೆಯಾದನು. ಮೂವರು ಗಂಡುಮಕ್ಕಳು ಹುಟ್ಟಿದರು. 657ರಲ್ಲಿ ರಾಜ ತೀರಿಕೊಂಡಾಗ ಹಿರಿಯ ಮಗ ಇನ್ನೂ ಬಾಲಕ. ರಾಜ್ಯಭಾರ ತಾಯಿಯ ಹೆಗಲಿಗೆ ಬಿತ್ತು.

ಅಧಿಕಾರ ಬಂದಾಗ ಅವಳು ಮೊದಲು ನೆನೆದದ್ದು ಯಾರನ್ನು ಗೊತ್ತೇ? ತನ್ನಂತೆ ಮಾರಾಟವಾದವರನ್ನು. ಕ್ರೈಸ್ತರನ್ನು ಗುಲಾಮರಾಗಿ ಮಾರುವುದನ್ನು ನಿಷೇಧಿಸಿದಳು. ಹಣ ತೆತ್ತು ಅನೇಕ ಸೆರೆಯಾಳುಗಳನ್ನು ಬಿಡಿಸಿದಳು. ತೆರಿಗೆಯ ಭಾರ ಹೊರಲಾರದೆ ಹೆತ್ತವರೇ ಕೂಸುಗಳನ್ನು ಸಾಯಲು ಬಿಡುತ್ತಿದ್ದ ಕಾಲವದು. ಆ ತೆರಿಗೆಯನ್ನೂ ತೆಗೆದುಹಾಕಿದಳು. ಕೊರ್ಬಿ ಎಂಬಲ್ಲಿ ಸನ್ಯಾಸಿಗಳಿಗೂ ಶೆಲ್ ಎಂಬಲ್ಲಿ ಕನ್ಯಾಸ್ತ್ರೀಯರಿಗೂ ಮಠ ಕಟ್ಟಿಸಿದಳು.

ಆದರೆ 665ರ ಸುಮಾರಿಗೆ ಶ್ರೀಮಂತ ಪ್ರಮುಖರು ಅವಳನ್ನು ಅಧಿಕಾರದಿಂದ ದೂರ ಮಾಡಿದರು. ತಾನೇ ಸಲಹಿ ಬೆಳೆಸಿದವರು ತನ್ನನ್ನು ಸಂಶಯಿಸಿದರಲ್ಲ ಎಂಬ ನೋವು ಅವಳನ್ನು ಬಹಳ ಕಾಡಿತು. ಸಂತಳಾದರೇನು, ಅವಳೂ ನಮ್ಮಂತೆಯೇ ಮನುಷ್ಯಳಲ್ಲವೇ? ಗುರುಗಳ ಸಲಹೆ ಕೇಳಿ ಅವರನ್ನೆಲ್ಲ ಕ್ಷಮಿಸಿದಳು, ತನ್ನಿಂದ ನೋವಾಗಿದ್ದರೆ ಕ್ಷಮಿಸಿರೆಂದು ತಾನೂ ಬೇಡಿಕೊಂಡಳು.

ಶೆಲ್ ಮಠದಲ್ಲಿ ತಾನು ರಾಣಿಯೆಂದು ಅವಳು ಮೆರೆಯಲಿಲ್ಲ. ಮಠದ ಮಾತೆ ಬೆರ್ತಿಲಾಳಿಗೆ ವಿಧೇಯಳಾಗಿ ಅಡುಗೆ ಮಾಡಿದಳು, ಶೌಚಾಲಯ ತೊಳೆದಳು, ರೋಗಿಗಳನ್ನು ಉಪಚರಿಸಿದಳು. ಹಿಂದೆ ಹೊಟ್ಟೆಪಾಡಿಗಾಗಿ ಮಾಡಿದ ಚಾಕರಿಯನ್ನು ಈಗ ಯೇಸುಸ್ವಾಮಿಯ ಪ್ರೀತಿಗಾಗಿ ಮಾಡಿದಳು. 680ರ ಸುಮಾರಿಗೆ ಅಲ್ಲಿಯೇ ಪ್ರಾಣಬಿಟ್ಟಳು. ಅವಳದೆಂದು ಹೇಳಲಾಗುವ ನಾರುಬಟ್ಟೆಯೊಂದು ಇಂದಿಗೂ ಶೆಲ್‌ನಲ್ಲಿದೆ. ಅದರ ಮೇಲಿರುವುದು ಬಂಗಾರದ ಹಾರವಲ್ಲ, ಬಣ್ಣದ ದಾರದಲ್ಲಿ ಕಸೂತಿ ಮಾಡಿದ ಹಾರ.

ಓದುಗರೇ, ಇಂದು ರಾತ್ರಿ ಮನೆಯವರೆಲ್ಲ ಪ್ರಾರ್ಥನೆಗೆ ಕುಳಿತಾಗ ಒಂದು ಮಾತು ಯೋಚಿಸಿರಿ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳೊಂದಿಗೆ ನೀವು ಹೇಗೆ ಮಾತನಾಡುತ್ತೀರಿ? ನಿಮ್ಮನ್ನು ನೋಯಿಸಿದ ಯಾರನ್ನು ಇನ್ನೂ ಕ್ಷಮಿಸಿಲ್ಲ? ಸಂತ ಬತಿಲ್ಡಾ ನಮಗಾಗಿ ಪ್ರಾರ್ಥಿಸಲಿ.